‘ನನ್ನಿಂದಾಗುತ್ತದೆ’ ಎಂಬ ನಂಬಿಕೆಗೂ ಅಂಕಪಟ್ಟಿಗೂ ಇರುವ ನಂಟು

ಪಾಠಾಭ್ಯಾಸದ ಮೊದಲ ವಾರದಲ್ಲೇ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ಕಿವಿಗೂ ಬೀಳುವ ಮಾತೊಂದಿದೆ: ‘ಗಣಿತ ನನ್ನ ತಲೆಗೆ ಹತ್ತೋದಿಲ್ಲ ಮೇಡಂ.’ ಹೈಸ್ಕೂಲಿನಲ್ಲಿ ಗಣಿತ, ಪಿಯುಸಿಯಲ್ಲಿ ಭೌತಶಾಸ್ತ್ರ, ಪದವಿಯಲ್ಲಿ ಇಂಗ್ಲಿಷ್. ವಿಷಯ ಬದಲಾಗುತ್ತದೆ, ಮಾತು ಬದಲಾಗುವುದಿಲ್ಲ. ಇದಕ್ಕೆ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ರೀತಿ ಪ್ರತಿಕ್ರಿಯಿಸುತ್ತೇವೆ. ‘ಹಾಗೆಲ್ಲ ಅನ್ನಬಾರದು, ನಿನ್ನಿಂದ ಆಗುತ್ತೆ’ ಎಂದು ಬೆನ್ನು ತಟ್ಟುತ್ತೇವೆ. ಇಲ್ಲವೇ ಆ ವಿದ್ಯಾರ್ಥಿಯನ್ನು ಮನಸ್ಸಿನಲ್ಲೇ ಹಿಂದಿನ ಬೆಂಚಿಗೆ ಸೇರಿಸಿ ಪಾಠ ಮುಂದುವರಿಸುತ್ತೇವೆ.

ಎರಡರ ಹಿಂದೆಯೂ ಒಂದೊಂದು ಊಹೆ ಅಡಗಿದೆ. ನಂಬಿಕೆ ಬಂದರೆ ಅಂಕ ತಾನಾಗಿ ಬರುತ್ತದೆ ಎಂಬುದು ಮೊದಲನೆಯದು. ವಿದ್ಯಾರ್ಥಿ ತನ್ನ ಬಗ್ಗೆ ಹೇಳಿಕೊಳ್ಳುವುದೇ ಅವನ ಸಾಮರ್ಥ್ಯದ ನಿಜವಾದ ಅಳತೆ ಎಂಬುದು ಎರಡನೆಯದು. ಈ ಎರಡೂ ಊಹೆಗಳನ್ನು ಮನೋವಿಜ್ಞಾನಿಗಳು ಹತ್ತಾರು ವರ್ಷಗಳಿಂದ, ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳ ನಡುವೆಯೇ, ಪರೀಕ್ಷಿಸಿ ನೋಡಿದ್ದಾರೆ. ಎರಡೂ ಪೂರ್ತಿ ನಿಲ್ಲುವುದಿಲ್ಲ ಎಂಬುದು ಅವರು ಕಂಡುಕೊಂಡ ಸಂಗತಿ. ಪದವಿ ಮುಗಿಸಿ ಬಿ.ಎಡ್.ಗೆ ಬಂದಿರುವ ನಾವು ಇನ್ನೂ ಕಾಲೇಜು ವಿದ್ಯಾರ್ಥಿಗಳೇ. ನಾಳೆ ಇಂಥ ವಿದ್ಯಾರ್ಥಿಗಳನ್ನು ರೂಪಿಸುವವರೂ ನಾವೇ. ಹಾಗಾಗಿ ಈ ವಿಷಯವನ್ನು ಎರಡೂ ಕಡೆಯಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಮೂರು ಪದಗಳು, ಮೂರು ಅರ್ಥಗಳು

ದಿನಬಳಕೆಯಲ್ಲಿ ನಾವು ‘ಆತ್ಮವಿಶ್ವಾಸ’ ಎಂಬ ಒಂದೇ ಪದದಿಂದ ಕೆಲಸ ಸಾಗಿಸುತ್ತೇವೆ. ಶಿಕ್ಷಣ ಮನೋವಿಜ್ಞಾನ ಅದರೊಳಗೆ ಮೂರು ಬೇರೆ ಬೇರೆ ಸಂಗತಿಗಳನ್ನು ಗುರುತಿಸುತ್ತದೆ.

ಮೊದಲನೆಯದು ಸ್ವ-ಸಾಮರ್ಥ್ಯ ನಂಬಿಕೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ 1977ರಲ್ಲಿ ಈ ಪರಿಕಲ್ಪನೆಯನ್ನು ಮಂಡಿಸಿದರು. ‘ಈ ನಿರ್ದಿಷ್ಟ ಕೆಲಸವನ್ನು ನಾನು ಮಾಡಬಲ್ಲೆನೇ?’ ಎಂಬ ಪ್ರಶ್ನೆಗೆ ವ್ಯಕ್ತಿ ತನಗೆ ತಾನೇ ಕೊಟ್ಟುಕೊಳ್ಳುವ ಉತ್ತರ ಇದು. ‘ವರ್ಗ ಸಮೀಕರಣವನ್ನು ಸೂತ್ರ ಬಳಸಿ ಬಿಡಿಸಬಲ್ಲೆ’ ಎನ್ನುವುದು ಸ್ವ-ಸಾಮರ್ಥ್ಯ ನಂಬಿಕೆ.

ಎರಡನೆಯದು ಸ್ವ-ಪರಿಕಲ್ಪನೆ. ‘ನಾನು ಗಣಿತದಲ್ಲಿ ಚುರುಕು’, ‘ನಾನು ಭಾಷೆಯಲ್ಲಿ ಹಿಂದೆ’ ಎಂಬಂಥ ಒಟ್ಟಾರೆ ಚಿತ್ರ ಇದು. ಇದರಲ್ಲಿ ಹೋಲಿಕೆ ಸೇರಿಕೊಂಡಿರುತ್ತದೆ. ಸಹಪಾಠಿಗಳ ಪಕ್ಕದಲ್ಲಿ ನಿಂತು ನೋಡಿಕೊಂಡಾಗ ಮೂಡುವ ಚಿತ್ರ.

ಮೂರನೆಯದು ಆತ್ಮಗೌರವ. ‘ನಾನು ಬೆಲೆಯುಳ್ಳ ವ್ಯಕ್ತಿ’ ಎಂಬ ಭಾವನೆ. ಇದಕ್ಕೆ ಯಾವ ಪಠ್ಯವಿಷಯದ ಹಂಗೂ ಇಲ್ಲ.

ಈ ವಿಂಗಡಣೆ ಬರೀ ಪರೀಕ್ಷೆಗೆ ಬರೆಯುವ ಟಿಪ್ಪಣಿಯಲ್ಲ. ಅಮೆರಿಕದ ಫ್ರಾಂಕ್ ಪಜಾರೆಸ್ ಮತ್ತು ಡೇವಿಡ್ ಮಿಲ್ಲರ್ 1994ರಲ್ಲಿ 350 ಪದವಿ ವಿದ್ಯಾರ್ಥಿಗಳಿಗೆ ಗಣಿತದ ಲೆಕ್ಕಗಳನ್ನು ಕೊಟ್ಟು ಅಧ್ಯಯನ ಮಾಡಿದರು. ಲೆಕ್ಕ ಬಿಡಿಸುವಲ್ಲಿ ಯಾರು ಹೇಗೆ ಮಾಡುತ್ತಾರೆ ಎಂಬುದನ್ನು ಮುಂಚಿತವಾಗಿ ಸೂಚಿಸುವಲ್ಲಿ ‘ಈ ಲೆಕ್ಕವನ್ನು ಬಿಡಿಸಬಲ್ಲೆ’ ಎಂಬ ನಂಬಿಕೆ, ‘ನಾನು ಗಣಿತದಲ್ಲಿ ಒಳ್ಳೆಯವನು’ ಎಂಬ ಸಾಮಾನ್ಯ ಚಿತ್ರಕ್ಕಿಂತ ಮುಂದಿತ್ತು. ನಂಬಿಕೆ ಕೆಲಸಕ್ಕೆ ಎಷ್ಟು ಹತ್ತಿರವಾಗಿದ್ದರೆ ಅದರ ನಂಟು ಅಷ್ಟು ಗಟ್ಟಿ. ಆದ್ದರಿಂದ ‘ಗಣಿತ ನನಗೆ ಬರೋದಿಲ್ಲ’ ಎನ್ನುವ ವಿದ್ಯಾರ್ಥಿಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ: ‘ಗಣಿತದಲ್ಲಿ ಯಾವುದು? ಯಾವ ಹೆಜ್ಜೆಯಲ್ಲಿ ನಿಲ್ಲುತ್ತೀಯ?’

ನಂಟು ಎಷ್ಟು ಗಟ್ಟಿ?

ಮಾಪನ ಮತ್ತು ಮೌಲ್ಯಮಾಪನ ಪತ್ರಿಕೆಯಲ್ಲಿ ಓದಿದ ಸಹಸಂಬಂಧ ಗುಣಾಂಕವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಎರಡು ಸಂಗತಿಗಳ ನಡುವೆ ಯಾವ ಸಂಬಂಧವೂ ಇಲ್ಲದಿದ್ದರೆ ಅದು 0. ಒಂದು ಏರಿದಂತೆ ಇನ್ನೊಂದೂ ತಪ್ಪದೆ ಅದೇ ಪ್ರಮಾಣದಲ್ಲಿ ಏರಿದರೆ 1.

ಕರೆನ್ ಮಲ್ಟನ್ ಮತ್ತು ಸಂಗಡಿಗರು 1991ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸ್ವ-ಸಾಮರ್ಥ್ಯ ನಂಬಿಕೆ ಮತ್ತು ಶೈಕ್ಷಣಿಕ ಸಾಧನೆಯ ನಡುವೆ 0.38ರಷ್ಟು ಸಂಬಂಧ ಕಂಡುಬಂತು. ಇದರ ವರ್ಗ ಸುಮಾರು 0.14. ಎಂದರೆ ವಿದ್ಯಾರ್ಥಿ ವಿದ್ಯಾರ್ಥಿಗಳ ಸಾಧನೆಯಲ್ಲಿ ಕಾಣುವ ವ್ಯತ್ಯಾಸದ ನೂರರಲ್ಲಿ 14 ಪಾಲು ಈ ನಂಬಿಕೆಯ ವ್ಯತ್ಯಾಸದೊಂದಿಗೆ ಹೆಣೆದುಕೊಂಡಿದೆ. ಉಳಿದ 86 ಪಾಲಿಗೆ ಹಿಂದಿನ ಕಲಿಕೆ, ಓದಿನ ಕ್ರಮ, ಮನೆಯ ಪರಿಸ್ಥಿತಿ, ಬೋಧನೆ, ಆರೋಗ್ಯ ಮೊದಲಾದ ಹಲವು ವಾರಸುದಾರರಿದ್ದಾರೆ.

ಕಾಲೇಜು ವಿದ್ಯಾರ್ಥಿಗಳ ಮಟ್ಟಿಗೆ ಹೆಚ್ಚು ವಿಸ್ತಾರವಾದ ಲೆಕ್ಕ ಸಿಗುವುದು 2012ರಲ್ಲಿ ಮಿಶೆಲ್ ರಿಚರ್ಡ್‌ಸನ್, ಚಾರ್ಲ್ಸ್ ಏಬ್ರಹಾಂ ಮತ್ತು ರಾಡ್ ಬಾಂಡ್ ಪ್ರಕಟಿಸಿದ ಸಮೀಕ್ಷೆಯಲ್ಲಿ. ಪದವಿಯ ಸರಾಸರಿ ಅಂಕಗಳೊಂದಿಗೆ ಹೈಸ್ಕೂಲಿನ ಅಂಕಗಳಿಗೆ 0.40ರಷ್ಟು ಸಂಬಂಧವಿತ್ತು. ‘ನಾನು ಕಾಲೇಜಿನ ಓದನ್ನು ನಿಭಾಯಿಸಬಲ್ಲೆ’ ಎಂಬ ಸಾಮಾನ್ಯ ಶೈಕ್ಷಣಿಕ ನಂಬಿಕೆಗೆ 0.31. ‘ಈ ಪರೀಕ್ಷೆಯಲ್ಲಿ ಇಷ್ಟು ಅಂಕ ತೆಗೆಯಬಲ್ಲೆ’ ಎಂಬ ನಿರ್ದಿಷ್ಟ ನಂಬಿಕೆಗೆ 0.59. ಅವರು ಪರಿಶೀಲಿಸಿದ ಅಂಶಗಳಲ್ಲೆಲ್ಲ ಇದೇ ಅತಿ ಹೆಚ್ಚು.

0.59 ಎಂಬ ಅಂಕಿಯನ್ನು ನೋಡಿ ‘ನಂಬಿದರೆ ಸಾಕು’ ಎಂದು ಹೊರಡುವುದು ಅವಸರವಾಗುತ್ತದೆ. ಹಿಂದಿನ ಎರಡು ಕಿರುಪರೀಕ್ಷೆಗಳಲ್ಲಿ 20ಕ್ಕೆ 16 ಪಡೆದವಳು ಮೂರನೆಯದರಲ್ಲೂ 16ರ ಆಸುಪಾಸು ಬರುತ್ತದೆ ಎಂದು ನಂಬುತ್ತಾಳೆ, ಬಹುಶಃ ಬರುತ್ತದೆ. ಇಲ್ಲಿ ನಂಬಿಕೆ ಅಂಕವನ್ನು ತಂದಿತೋ, ಹಳೆಯ ಅಂಕವೇ ನಂಬಿಕೆಯಾಗಿ ಕುಳಿತಿದೆಯೋ? ಸಹಸಂಬಂಧವೊಂದೇ ಇದನ್ನು ಹೇಳಲಾರದು.

ಬೀಜ ಮೊದಲೋ ವೃಕ್ಷ ಮೊದಲೋ

ಈ ಪ್ರಶ್ನೆಗೆ ಉತ್ತರ ಬೇಕೆಂದರೆ ಒಂದೇ ಗುಂಪಿನ ನಂಬಿಕೆಯನ್ನೂ ಸಾಧನೆಯನ್ನೂ ಬೇರೆ ಬೇರೆ ಸಮಯಗಳಲ್ಲಿ ಮತ್ತೆ ಮತ್ತೆ ಅಳೆಯಬೇಕು. ಅಂಥ ಅಧ್ಯಯನಗಳನ್ನು ಕೇಟ್ ಟಾಲ್ಸ್ಮಾ ಮತ್ತು ಸಂಗಡಿಗರು 2018ರಲ್ಲಿ ಒಟ್ಟುಗೂಡಿಸಿದರು. ಮೊದಲಿನ ಸಾಧನೆ ಮುಂದಿನ ನಂಬಿಕೆಯ ಮೇಲೆ ಬೀರಿದ ಪ್ರಭಾವ ಸುಮಾರು 0.20 ಇತ್ತು, ಮೊದಲಿನ ನಂಬಿಕೆ ಮುಂದಿನ ಸಾಧನೆಯ ಮೇಲೆ ಬೀರಿದ ಪ್ರಭಾವ ಸುಮಾರು 0.07. ಎರಡೂ ದಿಕ್ಕಿನಲ್ಲಿ ಹರಿವಿದೆ, ಆದರೆ ಸಾಧನೆಯಿಂದ ನಂಬಿಕೆಯ ಕಡೆಗಿನ ಹರಿವು ಹೆಚ್ಚು ದೊಡ್ಡದು. ವಯಸ್ಕ ವಿದ್ಯಾರ್ಥಿಗಳಲ್ಲಿ ಎರಡು ಕಡೆಯ ಹರಿವೂ ಕಂಡರೆ, ಮಕ್ಕಳಲ್ಲಿ ಸಾಧನೆಯಿಂದ ನಂಬಿಕೆಯ ಕಡೆಗಿನದು ಮಾತ್ರ ಸ್ಪಷ್ಟವಾಗಿ ಕಂಡಿತು.

ನಂಬಿಕೆಯನ್ನೇ ನೇರವಾಗಿ ತುಂಬಲು ಹೊರಟರೆ ಏನಾಗುತ್ತದೆ? ಡೊನೆಲ್ಸನ್ ಫಾರ್ಸಿತ್ ಮತ್ತು ಸಂಗಡಿಗರ 2007ರ ಪ್ರಯೋಗ ಇದಕ್ಕೆ ಕಣ್ಣು ತೆರೆಸುವ ಉತ್ತರ ಕೊಡುತ್ತದೆ. ಮನೋವಿಜ್ಞಾನದ ಮೊದಲ ಪರೀಕ್ಷೆಯಲ್ಲಿ ಕಡಿಮೆ ದರ್ಜೆ ಪಡೆದ ಕಾಲೇಜು ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ಇ-ಮೇಲ್‌ನಲ್ಲಿ ಪುನರಾವರ್ತನೆಯ ಪ್ರಶ್ನೆಗಳನ್ನು ಕಳುಹಿಸಲಾಯಿತು. ಒಂದು ಗುಂಪಿಗೆ ಪ್ರಶ್ನೆಗಳ ಜೊತೆ ಆತ್ಮಗೌರವ ಹೆಚ್ಚಿಸುವ ಮಾತುಗಳೂ ಹೋದವು. ಅಂತಿಮ ಪರೀಕ್ಷೆಯಲ್ಲಿ, ತೀರಾ ಕೆಳಗಿನ ದರ್ಜೆಯಲ್ಲಿದ್ದು ಈ ಹಿತವಚನಗಳನ್ನು ಪಡೆದವರ ಅಂಕ ಏರುವ ಬದಲು ಇಳಿಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ‘ನೀನು ಇದ್ದಂತೆಯೇ ಚೆನ್ನಾಗಿದ್ದೀಯ’ ಎಂಬ ಮಾತು ಕೇಳಲು ಹಿತ, ಆದರೆ ಅದರಲ್ಲಿ ನಾಳೆ ಏನು ಬೇರೆ ಮಾಡಬೇಕು ಎಂಬುದರ ಸುಳಿವೇ ಇಲ್ಲ.

ಹಾಗಾದರೆ ನಂಬಿಕೆಗೆ ಬೆಲೆಯೇ ಇಲ್ಲವೇ? ಇದೆ, ಅದರ ಕೆಲಸ ಬೇರೆ ಜಾಗದಲ್ಲಿ ನಡೆಯುತ್ತದೆ. ಲೆಕ್ಕವೊಂದು ಮೊದಲ ಪ್ರಯತ್ನಕ್ಕೆ ಬಗೆಹರಿಯದಿದ್ದಾಗ ಪುಸ್ತಕ ಮುಚ್ಚುವುದೋ, ಇನ್ನೊಂದು ದಾರಿ ಹುಡುಕುವುದೋ ಎಂಬುದನ್ನು ಆ ಕ್ಷಣದ ನಂಬಿಕೆ ನಿರ್ಧರಿಸುತ್ತದೆ. ಕಾಂಬಿನೇಷನ್ ಆರಿಸುವಾಗ, ಮುಖ್ಯ ವಿಷಯ ಗುರುತಿಸುವಾಗ, ಸ್ಪರ್ಧಾತ್ಮಕ ಪರೀಕ್ಷೆಗೆ ಅರ್ಜಿ ಹಾಕುವಾಗ ಅದೇ ದಾರಿಯನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಒಂಬತ್ತನೇ ತರಗತಿಯಲ್ಲಿ ‘ಗಣಿತ ನನಗಲ್ಲ’ ಎಂದು ತೀರ್ಮಾನಿಸಿದ ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವುದಿಲ್ಲ. ಆ ತೀರ್ಮಾನ ತಪ್ಪಾಗಿತ್ತೇ ಎಂದು ಪರೀಕ್ಷಿಸುವ ಅವಕಾಶವೇ ಅವಳಿಗೆ ಮುಂದೆ ಸಿಗುವುದಿಲ್ಲ. ನಂಬಿಕೆಯ ದೊಡ್ಡ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಅದು ಬರೆಯದೇ ಉಳಿದ ಪರೀಕ್ಷೆಗಳಲ್ಲಿರುತ್ತದೆ.

ನಂಬಿಕೆ ಅತಿಯಾದಾಗ

ಕಡಿಮೆ ನಂಬಿಕೆಯ ಬಗ್ಗೆ ನಾವು ಚಿಂತಿಸುವಷ್ಟು ಹೆಚ್ಚು ನಂಬಿಕೆಯ ಬಗ್ಗೆ ಚಿಂತಿಸುವುದಿಲ್ಲ. ‘ಎಲ್ಲಾ ಓದಿದ್ದೀನಿ ಸರ್’ ಎಂದು ಧೈರ್ಯವಾಗಿ ಪರೀಕ್ಷೆಗೆ ಹೋಗಿ, ಫಲಿತಾಂಶ ಬಂದಾಗ ಮೌಲ್ಯಮಾಪಕರನ್ನು ದೂರುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರದು ಸುಳ್ಳಲ್ಲ, ಅವರ ಅಳತೆಗೋಲು ತಪ್ಪಾಗಿದೆ.

ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ 1999ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ತರ್ಕ, ವ್ಯಾಕರಣ ಮೊದಲಾದ ಪರೀಕ್ಷೆಗಳನ್ನು ಕೊಟ್ಟು, ತಮ್ಮ ಸ್ಥಾನವನ್ನು ತಾವೇ ಅಂದಾಜಿಸಲು ಹೇಳಿದರು. ನೂರು ಜನರ ಸಾಲೆಂದು ಎಣಿಸಿದರೆ ಕೊನೆಯ ಕಾಲುಭಾಗದವರು ನಿಜವಾಗಿ ನಿಂತದ್ದು ಕೆಳಗಿನಿಂದ ಸರಾಸರಿ 12ನೇ ಜಾಗದಲ್ಲಿ; ತಾವು 62ನೇ ಜಾಗದಲ್ಲಿದ್ದೇವೆ ಎಂಬುದು ಅವರ ಅಂದಾಜು. ಈ ಅಂತರದ ಒಂದು ಪಾಲು ಸಂಖ್ಯಾಶಾಸ್ತ್ರದ ಸಹಜ ಪರಿಣಾಮ ಎಂಬ ಟೀಕೆಯೂ ಬಂದಿದೆ. ಆದರೂ ಒಂದು ಮಾತು ನಿಲ್ಲುತ್ತದೆ: ಉತ್ತರ ಸರಿಯೋ ತಪ್ಪೋ ಎಂದು ಗುರುತಿಸಲು ಬೇಕಾದ ತಿಳಿವಳಿಕೆಯೂ ಉತ್ತರ ಬರೆಯಲು ಬೇಕಾದ ತಿಳಿವಳಿಕೆಯೂ ಬಹುಮಟ್ಟಿಗೆ ಒಂದೇ. ಅದಿಲ್ಲದವರಿಗೆ ತಮ್ಮ ಕೊರತೆ ಕಾಣುವುದು ಕಷ್ಟ.

ಓದುವ ವಿಧಾನವೂ ಇಂಥ ಭ್ರಮೆಯನ್ನು ಹುಟ್ಟಿಸುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಲು ಹೇಳಿದರು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ‘ನಮಗೆ ಹೆಚ್ಚು ನೆನಪಿರುತ್ತದೆ’ ಎಂಬ ವಿಶ್ವಾಸ ಹೆಚ್ಚಿದ್ದದ್ದು ಓದುತ್ತಲೇ ಇದ್ದ ಗುಂಪಿಗೆ. ಒಂದು ವಾರದ ಬಳಿಕ ಆ ಗುಂಪಿಗೆ ನೆನಪಿದ್ದದ್ದು ಸುಮಾರು ಶೇಕಡಾ 40. ನೆನಪಿನಿಂದ ಬರೆದವರಿಗೆ ಶೇಕಡಾ 61. ಗೈಡಿನ ಪುಟವನ್ನು ನಾಲ್ಕು ಸಲ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ. ಆ ಪರಿಚಯವನ್ನೇ ನಾವು ಕಲಿಕೆ ಎಂದು ಎಣಿಸಿಬಿಡುತ್ತೇವೆ.

ಆದ್ದರಿಂದ ಶಿಕ್ಷಕರ ಗುರಿ ನಂಬಿಕೆಯನ್ನು ಎತ್ತರಿಸುವುದಷ್ಟೇ ಆಗಲಾರದು. ಅದು ನಿಜಕ್ಕೆ ಹತ್ತಿರವಾಗಿರಬೇಕು, ಮತ್ತು ನಿಜಕ್ಕಿಂತ ಒಂದು ಮೆಟ್ಟಿಲು ಮೇಲಿರಬೇಕು. ತುಸು ಆಶಾವಾದ ಪ್ರಯತ್ನಕ್ಕೆ ಇಂಧನ ಎಂಬುದು ಬಂಡೂರ ಅವರ ಅಭಿಪ್ರಾಯವೂ ಆಗಿತ್ತು.

ಊರ ಶಾಲೆಯಿಂದ ಪೇಟೆಯ ಕಾಲೇಜಿಗೆ

ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಗೆ ಮೊದಲ ಸ್ಥಾನ ಪಡೆದ ಹುಡುಗ ಪೇಟೆಯ ಕಾಲೇಜಿನಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾನೆ. ಪಾಠ ಇಂಗ್ಲಿಷಿನಲ್ಲಿ, ಸುತ್ತ ಕುಳಿತವರೆಲ್ಲ ಅವನಷ್ಟೇ ಅಥವಾ ಅವನಿಗಿಂತ ಹೆಚ್ಚು ಅಂಕ ತಂದವರು. ಮೊದಲ ಕಿರುಪರೀಕ್ಷೆಯ ಹೊತ್ತಿಗೆ ‘ನಾನು ಬುದ್ಧಿವಂತ’ ಎಂಬ ಅವನ ಚಿತ್ರ ಕುಸಿದಿರುತ್ತದೆ. ಬೇಸಿಗೆಯ ಎರಡು ತಿಂಗಳಲ್ಲಿ ಅವನ ಬುದ್ಧಿ ಕಡಿಮೆಯಾಗಿಲ್ಲ. ಬದಲಾಗಿರುವುದು ಹೋಲಿಕೆಯ ಗುಂಪು ಮತ್ತು ಪಾಠದ ಭಾಷೆ.

ಆಸ್ಟ್ರೇಲಿಯದ ಹರ್ಬರ್ಟ್ ಮಾರ್ಷ್ ಇದನ್ನು ‘ಸಣ್ಣ ಕೊಳದ ದೊಡ್ಡ ಮೀನು’ ಎಂಬ ಹೆಸರಿನಲ್ಲಿ ವಿವರಿಸಿದ್ದಾರೆ. ಒಂದೇ ಸಾಮರ್ಥ್ಯದ ಇಬ್ಬರಲ್ಲಿ ಹೆಚ್ಚು ಸಾಧನೆಯವರ ಶಾಲೆಯಲ್ಲಿರುವವನ ಶೈಕ್ಷಣಿಕ ಸ್ವ-ಪರಿಕಲ್ಪನೆ ಕೆಳಗಿರುತ್ತದೆ. ಅವರೂ ಕಿಟ್-ಟಾಯ್ ಹಾವ್ ಅವರೂ 2003ರಲ್ಲಿ 26 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಹದಿನೈದು ವರ್ಷದ ವಿದ್ಯಾರ್ಥಿಗಳ ಮಾಹಿತಿಯಲ್ಲಿ ಇದೇ ಚಿತ್ರವನ್ನು ಕಂಡರು.

ಈ ಹಂತದಲ್ಲಿ ವಿದ್ಯಾರ್ಥಿ ತನ್ನ ಸೋಲಿಗೆ ಯಾವ ಕಾರಣ ಹೇಳಿಕೊಳ್ಳುತ್ತಾನೆ ಎಂಬುದು ನಿರ್ಣಾಯಕ. ‘ನನಗೆ ಯೋಗ್ಯತೆ ಇಲ್ಲ’ ಎಂಬ ಕಾರಣ ಬಾಗಿಲು ಮುಚ್ಚುತ್ತದೆ. ‘ಪರಿಭಾಷೆ ಹೊಸದು, ಆರು ತಿಂಗಳು ಬೇಕು’ ಎಂಬ ಕಾರಣ ಬಾಗಿಲು ತೆರೆದಿಡುತ್ತದೆ. ಟಿಮತಿ ವಿಲ್ಸನ್ ಮತ್ತು ಪೆಟ್ರೀಷಿಯಾ ಲಿನ್‌ವಿಲ್ 1982ರಲ್ಲಿ, ಅಂಕಗಳ ಚಿಂತೆಯಲ್ಲಿದ್ದ 40 ಪ್ರಥಮ ವರ್ಷದ ಕಾಲೇಜು ವಿದ್ಯಾರ್ಥಿಗಳ ಸಣ್ಣ ಗುಂಪಿನಲ್ಲಿ ಇದನ್ನು ಪ್ರಯೋಗಿಸಿದರು. ಮೊದಲ ವರ್ಷ ಅಂಕ ಕಡಿಮೆ ಬರುವುದು ಸಾಮಾನ್ಯ, ಆಮೇಲೆ ಏರುತ್ತದೆ ಎಂಬ ಮಾಹಿತಿಯನ್ನು ಅರ್ಧದಷ್ಟು ಜನರಿಗೆ ಕೊಟ್ಟು, ಹಿರಿಯ ವಿದ್ಯಾರ್ಥಿಗಳು ತಮ್ಮ ಅನುಭವ ಹೇಳುವ ವಿಡಿಯೊ ತೋರಿಸಿದರು. ಎರಡನೇ ವರ್ಷದ ಕೊನೆಗೆ ಈ ಮಾಹಿತಿ ಪಡೆದವರಲ್ಲಿ ಕಾಲೇಜು ಬಿಟ್ಟವರು ಶೇಕಡಾ 5. ಪಡೆಯದವರಲ್ಲಿ ಶೇಕಡಾ 25. ಗುಂಪು ಚಿಕ್ಕದಾದ್ದರಿಂದ ಈ ಅಂಕಿಗಳನ್ನು ಎಲ್ಲೆಡೆಗೂ ಹಾಗೇ ಹೊಂದಿಸಲಾಗದು, ಆದರೆ ದಾರಿ ಸ್ಪಷ್ಟ. ಇಲ್ಲಿ ಯಾರೂ ಯಾರನ್ನೂ ಹೊಗಳಲಿಲ್ಲ. ಕಷ್ಟಕ್ಕೆ ಸರಿಯಾದ ಕಾರಣವನ್ನು ತಿಳಿಸಿದರು, ಅಷ್ಟೇ.

ಪಾಠಾಭ್ಯಾಸದಲ್ಲಿ ಏನು ಮಾಡಬಹುದು?

ಸ್ವ-ಸಾಮರ್ಥ್ಯ ನಂಬಿಕೆಗೆ ಬಂಡೂರ ನಾಲ್ಕು ಮೂಲಗಳನ್ನು ಹೇಳುತ್ತಾರೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ನಂಬಿಗಸ್ತರ ಮಾತು, ಮತ್ತು ದೇಹ-ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಬಲವಾದದ್ದು. ಪಾಠಯೋಜನೆಯಲ್ಲಿ ಇವಕ್ಕೆ ಹೀಗೆ ಜಾಗ ಕೊಡಬಹುದು.

1. ಗುರಿಯನ್ನು ಹತ್ತಿರಕ್ಕೆ ತನ್ನಿ. ಬಂಡೂರ ಮತ್ತು ಡೇಲ್ ಶಂಕ್ 1981ರಲ್ಲಿ ಗಣಿತದಲ್ಲಿ ಹಿಂದುಳಿದ 7ರಿಂದ 10 ವರ್ಷದ ಮಕ್ಕಳಿಗೆ 42 ಪುಟಗಳ ವ್ಯವಕಲನದ ಅಭ್ಯಾಸ ಕೊಟ್ಟರು. ‘ದಿನಕ್ಕೆ 6 ಪುಟ’ ಎಂಬ ಗುರಿ ಇದ್ದವರು, ‘ಏಳು ದಿನಕ್ಕೆ 42 ಪುಟ’ ಎಂಬ ಗುರಿ ಇದ್ದವರಿಗಿಂತ ಕೌಶಲದಲ್ಲೂ ನಂಬಿಕೆಯಲ್ಲೂ ಮುಂದೆ ಹೋದರು. ಕೆಲಸ ಒಂದೇ, ಆದರೆ ಮೊದಲ ಗುಂಪಿಗೆ ಪ್ರತಿದಿನವೂ ಒಂದು ಗೆಲುವಿತ್ತು. ನಿಮ್ಮ ಘಟಕಯೋಜನೆಯನ್ನೂ ಹೀಗೆ ಒಡೆಯಿರಿ. ಪ್ರತಿ ಅವಧಿಯ ಕೊನೆಗೆ ವಿದ್ಯಾರ್ಥಿ ‘ಬೆಳಿಗ್ಗೆ ಇದು ಬರುತ್ತಿರಲಿಲ್ಲ, ಈಗ ಬರುತ್ತದೆ’ ಎಂದು ತೋರಿಸಬಲ್ಲ ಒಂದು ಕೆಲಸವಿರಲಿ. ಅದು ತೀರಾ ಸುಲಭವೂ ಆಗಬಾರದು. ಬೆವರಿಲ್ಲದ ಗೆಲುವಿನಿಂದ ನಂಬಿಕೆ ಬೆಳೆಯುವುದಿಲ್ಲ.

2. ಸಹಪಾಠಿಯನ್ನು ಕಪ್ಪುಹಲಗೆಗೆ ಕರೆಯಿರಿ. ಶಂಕ್ ಮತ್ತು ಆಂಟನೆಟ್ ಹ್ಯಾನ್ಸನ್ 1985ರಲ್ಲಿ ಕಂಡಂತೆ, ವ್ಯವಕಲನವನ್ನು ಶಿಕ್ಷಕರು ಮಾಡಿ ತೋರಿಸುವುದನ್ನು ನೋಡಿದ ಮಕ್ಕಳಿಗಿಂತ ತಮ್ಮ ವಯಸ್ಸಿನವರು ಮಾಡುವುದನ್ನು ನೋಡಿದ ಮಕ್ಕಳ ನಂಬಿಕೆಯೂ ಸಾಧನೆಯೂ ಹೆಚ್ಚಿದವು. ಯಾವಾಗಲೂ ಮುಂದಿನ ಬೆಂಚಿನವರನ್ನೇ ಕರೆದರೆ ಈ ಪ್ರಯೋಜನ ಸಿಗದು. ನಿನ್ನೆ ತಡವರಿಸಿ ಇಂದು ದಾರಿ ಕಂಡುಕೊಂಡವನನ್ನು ಕರೆಯಿರಿ. ಎಲ್ಲಿ ತಡವರಿಸಿದೆ ಎಂದೂ ಅವನೇ ಹೇಳಲಿ.

3. ಹೊಗಳಿಕೆಗೆ ವಿಳಾಸವಿರಲಿ. ‘ವೆರಿ ಗುಡ್’ ಎಂಬುದು ಯಾವ ಉತ್ತರಕ್ಕೂ ಹೊಂದುತ್ತದೆ, ಹಾಗಾಗಿ ಯಾವುದನ್ನೂ ಹೇಳುವುದಿಲ್ಲ. ‘ಚಿಹ್ನೆ ಬದಲಾಯಿಸುವುದನ್ನು ಈ ಸಲ ಮರೆಯಲಿಲ್ಲ’ ಎಂದರೆ ವಿದ್ಯಾರ್ಥಿಗೆ ತನ್ನ ಯಾವ ಹೆಜ್ಜೆ ಗಟ್ಟಿಯಾಯಿತು ಎಂದು ಗೊತ್ತಾಗುತ್ತದೆ. ತಪ್ಪಾದಾಗಲೂ ಹಾಗೆಯೇ: ತಪ್ಪಿದ ಹೆಜ್ಜೆಯನ್ನು ತೋರಿಸಿ, ವ್ಯಕ್ತಿಗೆ ತೀರ್ಪು ಕೊಡಬೇಡಿ.

4. ಉತ್ತರಪತ್ರಿಕೆಯಲ್ಲಿ ಒಂದು ಅಂದಾಜಿನ ಕಲಂ ಹಾಕಿಸಿ. ಕಿರುಪರೀಕ್ಷೆಯ ಮೊದಲು ‘ನನಗೆ 20ಕ್ಕೆ ಇಷ್ಟು ಬರಬಹುದು’ ಎಂದು ಬರೆಯಲಿ. ಬರೆದಾದ ಮೇಲೆ ಮತ್ತೊಮ್ಮೆ ಬರೆಯಲಿ. ಅಂಕ ಬಂದ ಮೇಲೆ ಮೂರನ್ನೂ ಪಕ್ಕಪಕ್ಕದಲ್ಲಿ ನೋಡಲಿ. ಅಂದಾಜು 16, ಅಂಕ 9 ಆಗಿದ್ದರೆ ಅವನಿಗೆ ಓದುವ ವಿಧಾನದ ಬಗ್ಗೆ ಹೇಳಬೇಕು. ಅಂದಾಜು 6, ಅಂಕ 12 ಆಗಿದ್ದರೆ ಆ ಎರಡು ಅಂಕಿಗಳೇ ಅವಳಿಗೆ ಯಾವ ಭಾಷಣಕ್ಕಿಂತ ಚೆನ್ನಾಗಿ ಧೈರ್ಯ ಹೇಳುತ್ತವೆ. ಈ ಅಂದಾಜನ್ನು ತರಗತಿಯ ಮುಂದೆ ಓದಬಾರದು, ಅದಕ್ಕೆ ಅಂಕವನ್ನೂ ಕೊಡಬಾರದು.

5. ನಡುಕಕ್ಕೆ ಸರಿಯಾದ ಹೆಸರು ಕೊಡಿ. ಮೌಖಿಕ ಪರೀಕ್ಷೆಯ ಮುಂಚೆ ಎದೆ ಹೊಡೆದುಕೊಂಡರೆ ಹಲವರು ಅದನ್ನು ‘ನನಗೆ ಬರುವುದಿಲ್ಲ’ ಎಂಬುದಕ್ಕೆ ಸಾಕ್ಷಿ ಎಂದುಕೊಳ್ಳುತ್ತಾರೆ. ಚೆನ್ನಾಗಿ ಓದಿದವರ ಎದೆಯೂ ಹೊಡೆದುಕೊಳ್ಳುತ್ತದೆ ಎಂದು ಮೊದಲೇ ತಿಳಿಸಿರಿ.

ಇವೆಲ್ಲದಕ್ಕೂ ಒಂದು ಮಿತಿಯಿದೆ. ಭಿನ್ನರಾಶಿಯೇ ಬಾರದವನಿಗೆ ಬೀಜಗಣಿತದಲ್ಲಿ ನಂಬಿಕೆ ತುಂಬಲಾಗದು. ಮೊದಲು ಭಿನ್ನರಾಶಿ ಕಲಿಸಬೇಕು. ಪುಸ್ತಕವಿಲ್ಲದ, ಬಸ್ಸಿಗಾಗಿ ದಿನಕ್ಕೆ ಮೂರು ತಾಸು ಕಳೆಯುವ ವಿದ್ಯಾರ್ಥಿಯ ಕಡಿಮೆ ಅಂಕಕ್ಕೆ ‘ಆತ್ಮವಿಶ್ವಾಸದ ಕೊರತೆ’ ಎಂದು ಕಾರಣ ಬರೆಯುವುದು ಅನ್ಯಾಯ. ನಂಬಿಕೆ ಕಲಿಕೆಯ ಜೊತೆಗಾರ, ಅದಕ್ಕೆ ಬದಲಿಯಲ್ಲ.

ನಮ್ಮದೇ ನಂಬಿಕೆ

ಕೊನೆಯದಾಗಿ, ಬೋಧನೆಯ ಬಗ್ಗೆ ನಮಗಿರುವ ನಂಬಿಕೆಗೂ ಇದೇ ನಿಯಮ ಅನ್ವಯಿಸುತ್ತದೆ. ‘ನಾನು ಒಳ್ಳೆಯ ಶಿಕ್ಷಕಿಯಾಗಲಾರೆ’ ಎಂಬುದು ಸ್ವ-ಪರಿಕಲ್ಪನೆಯ ಮಾತು. ಅದನ್ನು ಒಡೆದು ನೋಡಿದರೆ ‘ಪೀಠಿಕೆಯ ಪ್ರಶ್ನೆಗಳಿಗೆ ಉತ್ತರ ಬಾರದಿದ್ದಾಗ ಏನು ಮಾಡಬೇಕೆಂದು ತೋಚುವುದಿಲ್ಲ’ ಎಂಬ ಒಂದು ನಿರ್ದಿಷ್ಟ ಕಷ್ಟ ಸಿಗುತ್ತದೆ, ಅದಕ್ಕೆ ಅಭ್ಯಾಸವಿದೆ. ಸೂಕ್ಷ್ಮಬೋಧನೆಯಲ್ಲಿ ಒಂದೊಂದೇ ಕೌಶಲವನ್ನು ಬೇರ್ಪಡಿಸಿ, ಕಲಿಸಿ, ಪುನರ್ಬೋಧಿಸುವ ಕ್ರಮ ಇರುವುದೂ ಇದೇ ಕಾರಣಕ್ಕೆ. ಅವಲೋಕನ ಪುಸ್ತಕದಲ್ಲಿ ಸಹಪಾಠಿಯ ಪಾಠದ ಬಗ್ಗೆ ‘ಪಾಠ ಚೆನ್ನಾಗಿತ್ತು’ ಎಂದು ಬರೆಯುವ ಬದಲು, ಯಾವ ಪ್ರಶ್ನೆಗೆ ತರಗತಿಯ ಎಷ್ಟು ಕೈಗಳು ಮೇಲೆದ್ದವು ಎಂದು ಬರೆದರೆ ಆಕೆಯ ನಂಬಿಕೆಗೆ ನಿಲ್ಲಲು ನೆಲ ಸಿಗುತ್ತದೆ.

‘ಗಣಿತ ನನ್ನ ತಲೆಗೆ ಹತ್ತೋದಿಲ್ಲ’ ಎಂದ ವಿದ್ಯಾರ್ಥಿನಿಯೊಂದಿಗೆ ನಾವಿರುವುದು ಕೆಲವೇ ವಾರ. ಅಷ್ಟರಲ್ಲಿ ಅವಳ ಗಣಿತವನ್ನೆಲ್ಲ ಸರಿಪಡಿಸುವುದು ಆಗದ ಮಾತು. ಅವಳಿಂದ ಆಗದು ಎಂದುಕೊಂಡಿದ್ದ ಒಂದು ಲೆಕ್ಕವನ್ನು ಅವಳ ಕೈಯಿಂದಲೇ ಬಿಡಿಸಿ, ಅದನ್ನು ಅವಳ ನೋಟ್‌ಬುಕ್ಕಿನಲ್ಲಿ ಉಳಿಸಿ ಬರುವುದು ಆಗುತ್ತದೆ.